ಹಕ್ಕಿಪಿಕ್ಕಿ ಕಾಲೊನಿಯಲ್ಲಿ ಗ್ರಾಮಸೇವಕಿ

ಇನ್ನೊಬ್ಬರಿಗೆ ಬುದ್ಧಿ ಹೇಳಲು ಸರ್ಕಾರ ಸಂಬಳ ಕೊಟ್ಟು ಕಳಿಸಿದವರ ಪಾಡು ಹೀಗೇ ಆಗುತ್ತದೋ ಏನೋ. ಎಪ್ಪತ್ತರ ದಶಕದಲ್ಲಿ ನಾನು ತರೀಕೆರೆ ಕಡೆ ಗ್ರಾಮಸೇವಕಿಯಾಗಿದ್ದೆ. ಕಾಡಿನಲ್ಲಿ ಹಕ್ಕಿ ಹಿಡಿದು ಬದುಕಿದ್ದ ಹಕ್ಕಿಪಿಕ್ಕಿ ಜನರಿಗೆ ಕಟ್ಟಿಸಿಕೊಟ್ಟಿದ್ದ ಕಾಲೊನಿ ನನ್ನ ಪಾಲಿಗೆ ಬಂತು. ಕಚೇರಿಯವರು ಯಾರೇ ಹೋದರೂ ಅಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು.

ಊಟದ ಮಾತು

ಅವರ ಭಾಷೆಯಲ್ಲೇ ಮಾತಾಡಿಸಿದರೆ ಬಾಗಿಲು ತೆಗೆದಾರು ಎಂದುಕೊಂಡು, ಜಗುಲಿಯಲ್ಲಿ ಮಣಿಸರ ಪೋಣಿಸುತ್ತಿದ್ದ ಅಜ್ಜಿಯನ್ನು ಕೇಳಿದೆ, "ಊಟ ಆಯ್ತಾ ಅನ್ನೋಕೆ ನಿಮ್ಮಲ್ಲಿ ಏನಂತಾರೆ ಅಜ್ಜಿ?"

ಅಜ್ಜಿ ನಿಧಾನವಾಗಿ ಹೇಳಿಕೊಟ್ಟಳು. ಬಾಯಿಪಾಠ ಮಾಡಿಕೊಂಡು ಮನೆಮನೆಗೂ ಹೋಗಿ ಹೇಳಿದೆ. ಒಂದು ಮನೆಯಲ್ಲಿ ರಾಗಿಮುದ್ದೆ ಇಟ್ಟರು. ಇನ್ನೊಂದರಲ್ಲಿ ಬೇಯಿಸಿದ ಗೆಣಸು. ಪಕ್ಕದ ಮನೆಯಲ್ಲಿ ಮತ್ತೆ ಮುದ್ದೆ. ಬೇಡವೆಂದರೂ ಬಿಡಲಿಲ್ಲ. ನಡೆಯಲಾಗದೆ ಅಜ್ಜಿಯ ಪಕ್ಕ ಬಂದು ಕೂತೆ.

"ಹೊಟ್ಟೆ ಹಸೀತಿದೆ ಅಂತ ಹೇಳ್ಕೊಂಡು ಬಂದೆ ಕಣ್ ತಾಯಿ ನೀನು" ಎಂದಳು.

"ಯಾಕಜ್ಜಿ ಹಂಗೆ ಹೇಳ್ಕೊಟ್ಟೆ?"

"ಊಟ ಆಯ್ತಾ ಅನ್ನೋರು ಬಾಗ್ಲಲ್ಲೇ ಕೇಳಿ ಹೊಂಟೋಯ್ತಾರೆ. ಹಸಿವು ಅಂದೋರು ಒಳಗೆ ಬಂದು ಕೂರ್ತಾರೆ."

ಈಗಲೂ ತಟ್ಟೆಗೆ ಮುದ್ದೆ ಬಿದ್ದರೆ ಅವಳೇ ಕಣ್ಣಮುಂದೆ.

ಸನ್ಮಾನ

ಅಜ್ಜಂಪುರದ ಒಂದು ಸಂಘದವರು ಕಾಲೊನಿಯ ಹಿರಿಯನಿಗೆ ಶಾಲು ಹೊದಿಸಿದರು. ಭಾಷಣದ ಮೇಲೆ ಭಾಷಣ. ಪಾಪ, ಬಿಸಿಲಲ್ಲಿ ಹಿರಿಯ ಶಾಲಿನೊಳಗೆ ಬೆಂದುಹೋಗಿದ್ದ. ಕೊನೆಗೆ ಅಧ್ಯಕ್ಷರು "ನೀವೂ ಎರಡು ಮಾತಾಡಿ" ಎಂದರು.

"ನಂಗೆ ಭಾಷಣ ಬರಲ್ಲ ಸ್ವಾಮಿ" ಎಂದವನೇ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೌಜುಗದ ಹಾಗೆ ಕೂಗಿದ. ಬೇಲಿಯಾಚೆಯ ಹೊಲದಿಂದ ನಿಜವಾದ ಕೌಜುಗವೊಂದು ತಿರುಗಿ ಕೂಗಿತು. ತೂಕಡಿಸುತ್ತಿದ್ದ ಸಭೆಯೆಲ್ಲ ಎದ್ದು ಕೂತಿತು.

ಅಧ್ಯಕ್ಷರು ನನ್ನ ಕಡೆ ಬಾಗಿ, "ಇಷ್ಟು ವರ್ಷ ಮಾತಾಡಿದೀನಿ ಕಣಮ್ಮ, ನಂಗೆ ಒಂದು ಹಕ್ಕೀನೂ ಉತ್ತರ ಕೊಟ್ಟಿಲ್ಲ" ಎಂದರು.

ನನ್ನ ಹೆಸರಿನ ಮಗು

ಹೆರಿಗೆ ಕಷ್ಟವಾದ ಒಬ್ಬ ಹುಡುಗಿಯನ್ನು ಎತ್ತಿನ ಗಾಡಿಯಲ್ಲಿ ತರೀಕೆರೆ ಆಸ್ಪತ್ರೆಗೆ ಕರೆದೊಯ್ದಿದ್ದೆ. ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಟ್ಟಿರಲಿಲ್ಲ. ತಾಯಿ, ಮಗು ಇಬ್ಬರೂ ಉಳಿದರು. ಇಷ್ಟವಾದದ್ದರ ಹೆಸರನ್ನು ಮಕ್ಕಳಿಗೆ ಇಡುವುದು ಅವರಲ್ಲಿ ರೂಢಿ. "ನಿಮ್ಮ ಹೆಸರೇ ಇಟ್ಟಿದೀವಿ ಅಕ್ಕ" ಎಂದಾಗ ನನಗೆ ಕಣ್ಣು ತುಂಬಿ ಬಂತು. ಆದರೆ ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗುವಿಗೆ ಇಟ್ಟಿದ್ದು ಗ್ರಾಮಸೇವಕಿ ಎಂದು.

ಮಗು ಓಡಾಡುವಷ್ಟು ದೊಡ್ಡದಾದ ಮೇಲೆ ಹೊಸ ಬಿ.ಡಿ.ಓ. ಸಾಹೇಬರು ಕಾಲೊನಿ ನೋಡಲು ಬಂದರು. ಅವರ ಪಕ್ಕ ನಿಂತು ನಾನು ಶುಚಿತ್ವದ ಬಗ್ಗೆ ಗಂಭೀರವಾಗಿ ಹೇಳುತ್ತಿದ್ದೆ. ಹಿಂದಿನ ಮನೆಯೊಳಗಿಂದ ಹೆಣ್ಣುದನಿ ಕೇಳಿಸಿತು: "ಲೇ ಗ್ರಾಮಸೇವಕಿ, ಎಷ್ಟ್ ಸಲ ಹೇಳ್ಬೇಕೇ ನಿಂಗೆ? ಮೊದ್ಲು ಮೂಗು ಒರೆಸ್ಕೋ."

ಸಾಹೇಬರು ಬೇರೆ ಕಡೆ ನೋಡುತ್ತ, ಜೇಬಿನಿಂದ ಕರವಸ್ತ್ರ ತೆಗೆದು ನನ್ನ ಕೈಗೆ ಕೊಟ್ಟರು.