ಒಂದೇ ಸಾಕು ಅಂದವಳು

ಬೆಳಿಗ್ಗೆ ಹೊರಗೆ ಆಡಿಕೊಂಡು ಬಂದ ಕೃತಿಕಾ ಇಡ್ಲಿಯ ಮುಂದೆ ಬಾಯಿ ಬಿಗಿದು ಕೂತದ್ದೇ ಎಲ್ಲದಕ್ಕೂ ಮೂಲ. ಮೂರು ವರ್ಷದ ಆ ಮಗುವಿನ ಬಾಯಿ ಬ್ಯಾಂಕಿನ ಲಾಕರ್ ಇದ್ದ ಹಾಗೆ. ತೆಗೆಯಲು ಎರಡು ಕೀಲಿ ಬೇಕು, ತಾಯಿ ಆಶಾರಾಣಿಯ ಹತ್ತಿರ ಇದ್ದದ್ದು ಒಂದೇ.

ಅದೇ ಹೊತ್ತಿಗೆ ಹಾಗಲವಾಡಿಯಿಂದ ಅತ್ತೆ ಪುಟ್ಟಗಂಗಮ್ಮನ ಫೋನ್ ಬಂತು. ಮಗು ಸರಿಯಾಗಿ ಉಣ್ಣುತ್ತಿಲ್ಲವೆಂದು ಯಾರೋ ಅವರ ಕಿವಿಗೆ ಮುಟ್ಟಿಸಿದ್ದರು. ಸಂಜೆ ತಾವು ಬರುವಷ್ಟರಲ್ಲಿ ಮಗು ಉಣ್ಣದಿದ್ದರೆ ಊರಿಗೆ ಕರೆದೊಯ್ಯುವುದಾಗಿಯೂ, ನಾಲ್ಕು ಮಕ್ಕಳ ಪಂಕ್ತಿಯಲ್ಲಿ ಕೂತರೆ ಪೈಪೋಟಿಗಾದರೂ ತಿನ್ನುತ್ತದೆಂದೂ ಹೇಳಿದರು.

"ಒಂದೇ ಮಗು ಸಾಕು ಅಂದೋಳೂ ನಾನೇ, ತಿನ್ಸೋಳೂ ನಾನೇ ಅತ್ತೆ. ನನ್ನ ಮಗೀನ ಎಲ್ಗೂ ಕಳ್ಸಲ್ಲ," ಎಂದಳು ಆಶಾರಾಣಿ.

ಫೋನ್ ಸ್ಪೀಕರಿನಲ್ಲಿತ್ತು. ಉಪ್ಪಾರಹಳ್ಳಿಯ ಆ ಬೀದಿಯಲ್ಲಿ ಸ್ಪೀಕರ್ ಹಾಕುವುದೂ ಒಂದೇ, ತಮಟೆ ಹೊಡೆಸುವುದೂ ಒಂದೇ. ಪಕ್ಕದ ಮನೆಯ ವನಜಮ್ಮ ಕಾಂಪೌಂಡಿನ ಮೇಲೆ ಗಲ್ಲವಿಟ್ಟು, ಒಂಟಿ ಮಗುವಿಗೆ ಹಠ ಜಾಸ್ತಿ ಎಂದರು. ಮಹಡಿಯ ನೇತ್ರಾವತಿ ಇಳಿದು ಬಂದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದರು.

"ಘಾಟು ಬಂತಲ್ಲ, ಹಂಗಾದ್ರೆ ದೃಷ್ಟಿ ಆಗಿಲ್ಲ. ತಾಯೀದೇ ಏನೋ ಐಬು," ಎಂದು ತೀರ್ಪು ಕೊಟ್ಟಳು.

ಎದುರು ಮನೆಯ ಕರಿಬಸಮ್ಮ, ತಿನ್ನುವುದೆಂದರೆ ಹೇಗೆಂದು ತೋರಿಸಲು ತಮ್ಮ ಮೊಮ್ಮಗಳನ್ನು ತಂದು ಕೂರಿಸಿದರು. ಅವಳು ಕೃತಿಕಾಳ ಇಡ್ಲಿಯನ್ನೂ, ಕೃತಿಕಾಳ ಅಪ್ಪ ಶಿವರಾಜನಿಗೆ ಎತ್ತಿಟ್ಟಿದ್ದ ಇಡ್ಲಿಯನ್ನೂ ಮುಗಿಸಿ, ಇನ್ನಷ್ಟು ಚಟ್ನಿ ಕೇಳಿದಳು.

ಆಶಾರಾಣಿ ಪೊರಕೆ ಹಿಡಿಯಲಿಲ್ಲ, ಅಷ್ಟೇ. ಎಲ್ಲರನ್ನೂ ಹೊರಗೆ ಕಳಿಸಿ ಗೇಟಿಗೆ ಬೀಗ ಜಡಿದಳು.

ಸ್ವಲ್ಪ ಹೊತ್ತಿಗೆ ವನಜಮ್ಮ ದೋಸೆ ತಟ್ಟೆ ಹಿಡಿದು ಬಂದು ಗೇಟು ಅಲ್ಲಾಡಿಸಿದರು.

"ಮಗೀನ ಕಳ್ಸೇ. ಒಂಟಿ ಕೂಸು ಪಾಪ, ದಿನಾ ತಿಂಡಿ ನಮ್ಮನೇಲೇ ಆಗ್ತಿತ್ತು."

ಮೇಲಿನಿಂದ ನೇತ್ರಾವತಿ ಬಗ್ಗಿ, ಮಧ್ಯಾಹ್ನದ ಅನ್ನ ಸಾರು ತನ್ನ ಮನೆಯದಲ್ಲವೇ ಎಂದಳು. ಕರಿಬಸಮ್ಮನ ಸೆರಗಿನಿಂದ ಬನ್ನು ಹೊರಬಂತು; ಬೆಳಿಗ್ಗೆ ಆಡಲು ಬಂದಾಗಲೇ ಒಂದು ತಿನ್ನಿಸಿದ್ದೆ ಎಂದರು. ಆ ಮಗು ಬದುಕಿರುವುದೇ ತನ್ನಿಂದ ಎಂದು ಮೂವರೂ ನಂಬಿದ್ದರು. ಗೇಟಿನ ಹೊರಗೆ ಅವರವರಲ್ಲೇ ಜಗಳ ಹತ್ತಿತು. ಆಶಾರಾಣಿ ಬೀಗ ತೆಗೆಯಲಿಲ್ಲ. ಕೃತಿಕಾ ಗೇಟಿನವರೆಗೆ ಹೋದಳು, ಅತ್ತಳು, ಮತ್ತೆ ಹೋದಳು. ಸಂಜೆ ತಾನೇ ತಟ್ಟೆ ತಂದು ಅಮ್ಮನ ಮುಂದೆ ಕೂತಳು.

ಪುಟ್ಟಗಂಗಮ್ಮ ಮಗುವಿನ ಬಟ್ಟೆ ತುಂಬಲು ಖಾಲಿ ಚೀಲ ಹಿಡಿದು, ಗೇಟಿನ ಬೀಗ ತೆಗೆಸಿಕೊಂಡು ಒಳಗೆ ಬಂದಾಗ, ಮೊಮ್ಮಗಳು ಮುದ್ದೆ ನುಂಗಿ ಬೆರಳು ನೆಕ್ಕುತ್ತಿದ್ದಳು. ಆಶಾರಾಣಿ ತಲೆಯೆತ್ತಿ ನಿಂತು, ಗೇಟು ಹಾಕಿದ ಕತೆಯನ್ನೆಲ್ಲ ಹೇಳಿದಳು. ಅತ್ತೆ ಚೀಲ ಮಡಚಿದರು. ಕುಣಿಗಲ್‌ನಲ್ಲಿದ್ದ ಮಗಳು ಪೂಜಾಳಿಗೆ ಫೋನ್ ಹಚ್ಚಿದರು.

"ನಿನ್ನ ಮೂರೂ ಮಕ್ಳು ಉಣ್ಣಲ್ಲ ಅಂತ ಅಳ್ತಿದ್ಯಲ್ಲ. ನಾಳೆ ಕರ್ಕೊಂಡ್ಬಂದು ನಿಮ್ಮತ್ಗೆ ಹತ್ರ ಬುಟ್ಟೋಗು. ರಜ ಮುಗಿಯೋಗಂಟ ಇಲ್ಲೇ ಇರ್ಲಿ."

ಆಶಾರಾಣಿ ಫೋನಿಗೆ ಅಡ್ಡ ಬಂದಳು. "ಅತ್ತೆ, ನಂಗೆ ಒಂದೇ ಸಾಕು ಅಂದಿದ್ನಲ್ಲ."

"ಅದ್ಕೇ ಕಣವ್ವ ನಿಂಗೆ ಒಪ್ಪಿಸ್ತಿರೋದು," ಎಂದರು ಪುಟ್ಟಗಂಗಮ್ಮ. "ಮೂರು ಹೆತ್ತೋಳ್ಗೆ ಗೇಟು ಹಾಕೋಕೆ ಪುರುಸೊತ್ತೆಲ್ಲೈತೆ?"