ಹತ್ತಕ್ಕೆ ಹೊರಟು ಹತ್ತಕ್ಕೇ ಇಳಿಯುವ ವಿಮಾನ

ಹೆಲ್ಸಿಂಕಿಯಿಂದ ಸ್ಟಾಕ್‌ಹೋಮ್‌ಗೆ ವಿಮಾನದಲ್ಲಿ ನಾನೂರು ಕಿಲೋಮೀಟರು, ಒಂದು ಗಂಟೆಯ ದಾರಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಅಂದರೆ ಹತ್ತಕ್ಕೆ ಹೊರಟವನು ಹತ್ತಕ್ಕೇ ಇಳಿಯುತ್ತಾನೆ. ಈ ಪರಮಸತ್ಯವನ್ನು ಹೆಂಡತಿ ಇರ್ಯಾಗೆ ಬೋಧಿಸಿದ್ದೇ ನನ್ನ ಗ್ರಹಚಾರ.

ವಿಮಾನವೆಂದರೆ ಅವಳಿಗೆ ಭಯ. ಸ್ಟಾಕ್‌ಹೋಮಿನಲ್ಲಿರುವ ಎಲ್ವಿ ಚಿಕ್ಕಮ್ಮನ ಹುಟ್ಟುಹಬ್ಬಕ್ಕೆ ಹಿಂದಿನ ಸಂಜೆಯೇ ಹಡಗು ಹತ್ತಿದಳು.

"ನೀನು ರಾತ್ರಿಯೆಲ್ಲಾ ತೇಲ್ತಿರು. ನಾನು ಸೊನ್ನೆ ನಿಮಿಷದಲ್ಲಿ ಬಂದು ಅಡುಗೆಮನೇಲಿ ಕೂತಿರ್ತೀನಿ."

"ಕೂತಿರಿ. ನಾನು ಮಾತಾಡುವಾಗ ಕಿವೀನೂ ಜೊತೇಲಿಟ್ಕೊಂಡು ಕೂತಿರಿ."

ಮರುದಿನ ಸಮುದ್ರದ ಮೇಲೆ ಮಂಜು. ಕಿಟಕಿಯಾಚೆ ವಿಮಾನದ ರೆಕ್ಕೆಯೇ ಇಲ್ಲ. ಪಕ್ಕದ ಮುದುಕ ಕಣ್ಣು ತೆರೆದೇ ನಿದ್ರಿಸುತ್ತಿದ್ದ (ನಿದ್ರೆಯೆಂದೇ ನಂಬಿಕೊಂಡೆ). ಇಳಿಯಲಾರದೆ ವಿಮಾನ ಸುತ್ತಿತು, ಮತ್ತೆ ಸುತ್ತಿತು. ಕೊನೆಗೆ ಇಳಿದೆವೆಂದರು. ನೆಲ ತಾಕಿದ್ದೇ ನನಗೆ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮನ ಬಾಗಿಲು ತಟ್ಟಿದೆ.

"ಯಾರು?"

"ನಾನು ಚಿಕ್ಕಮ್ಮ, ತೌನೊ."

ಚಿಕ್ಕಮ್ಮನ ಕಣ್ಣು ಮಂಜಾಗಿ ವರ್ಷಗಳಾಗಿವೆ. ನನ್ನ ಮುಖದ ಹತ್ತಿರ ಬಂದು ನೋಡಿ, "ಸುಮ್ನಿರಪ್ಪ. ತೌನೊ ಬೆಳಿಗ್ಗೇನೇ ಬಂದಾಯ್ತು. ಅಡುಗೆಮನೇಲಿದ್ದಾನೆ" ಎಂದಳು.

ಗೂಟದಲ್ಲಿ ನನ್ನದೇ ಬೂದು ಕೋಟಿನಂಥ ಕೋಟು ತೂಗುತ್ತಿತ್ತು. ಒಳಗಿನಿಂದ ಇರ್ಯಾಳ ದನಿ ಕೇಳಿತು: "ತೌನೊ, ಈಗ ಹೇಳಿದ್ದನ್ನೆಲ್ಲಾ ನಿಮಗೆ ಎಷ್ಟು ವರ್ಷದಿಂದ ಹೇಳ್ಬೇಕು ಅಂತಿದ್ದೆ ಗೊತ್ತಾ?"

"ಹ್ಞೂಂ" ಎಂದಿತು ಗಂಡಸಿನ ದನಿ.

ಸಾಕ್ಷಾತ್ ನನ್ನ ಹ್ಞೂಂ. ಹಾಗಾದರೆ ಹತ್ತಕ್ಕೆ ಹೊರಟ ತೌನೊ ಹತ್ತಕ್ಕೇ ತಲುಪಿದ್ದಾನೆ. ಮಂಜಿನಲ್ಲಿ ಸುತ್ತಿ ಬಂದ ನಾನು ಯಾರು? ಗೋಡೆಯ ಕನ್ನಡಿ ನೋಡಿದೆ. ಅಡುಗೆಯ ಹಬೆ ಕವಿದ ಅದರಲ್ಲಿ ಯಾರೂ ಇರಲಿಲ್ಲ. ಕೆನ್ನೆ ಚಿವುಟಿಕೊಂಡೆ, ನೋವಾಯಿತು. ಆದರೆ ಸತ್ತ ಮೇಲೆ ನೋವಾಗುವುದಿಲ್ಲವೆಂದು ಬಂದು ಹೇಳಿದವರು ಯಾರು?

ಅಷ್ಟರಲ್ಲಿ ಅದೇ ಗಂಡಸಿನ ದನಿ ಕೇಳಿತು: "ಆಮೇಲೆ?"

ನನಗೆ ಜೀವ ಬಂತು. ಮದುವೆಯಾದಾಗಿನಿಂದ ಈ ಪದ ನನ್ನ ಬಾಯಿಂದ ಬಂದದ್ದಿಲ್ಲ. ಅವನು ನಾನಲ್ಲ! ಒಳಗೆ ನುಗ್ಗಿದೆ.

ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನಿಂದ ಎರಡು ಕಾಲು ಚಾಚಿದ್ದವು. ಒಲೆಯ ಬಳಿ ಕಣ್ಣೊರೆಸಿಕೊಳ್ಳುತ್ತಿದ್ದ ಇರ್ಯಾ ಕಾಲುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಕೈಯ ಸೌಟು ಬಿತ್ತು. ಕೆಳಗಿನಿಂದ ಸ್ಪ್ಯಾನರ್ ಹಿಡಿದ ಗಡ್ಡದವನೊಬ್ಬ ತೆವಳಿ ಬಂದ.

"ನಲ್ಲಿ ರಿಪೇರಿಗೆ ಬಂದೆ. ಅಜ್ಜಿ ಒಳಗೆ ಹೋಗಪ್ಪ ಅಂದ್ರು. ಆಮೇಲೆ ಇವರು ಬಂದು ಮಾತು ಶುರು ಮಾಡಿದ್ರು. ನಾನೂ ಫಿನ್ಲೆಂಡಿನವನೇ, ಅರ್ಥ ಆಗ್ತಿತ್ತು. ಅಳ್ತಿದ್ದೋರನ್ನ ಮಧ್ಯೆ ಹೇಗೆ ತಡೆಯೋದು?"

"ಗಂಡನ ಕಾಲು ಗೊತ್ತಾಗಲ್ವೇನೇ ನಿನಗೆ?" ಎಂದೆ.

"ನೀವು ಒಳಗಿದ್ದೀರಿ ಅಂತ ಚಿಕ್ಕಮ್ಮ ಅಂದ್ರು, ಕಾಲೂ ನಿಮ್ದೇ ಅನ್ನಿಸ್ತು. 'ಆಮೇಲೆ?' ಅಂತ ಮೊದಲ್ನೇ ಸಲ ಕೇಳಿದಾಗಲೇ ಅನುಮಾನ ಬಂತು" ಎಂದಳು ಇರ್ಯಾ ಮೆಲ್ಲಗೆ. "ಆದ್ರೆ ನಿಲ್ಲಿಸೋಕೆ ಮನಸ್ಸಾಗ್ಲಿಲ್ಲ."

ನಾನು ಬಿದ್ದ ಸೌಟನ್ನು ಎತ್ತಿಕೊಟ್ಟೆ. "ಅಂಥದ್ದೇನೇ ಅದು? ನನಗೂ ಹೇಳು."

ಅವಳು ಕೇಕಿನ ದೊಡ್ಡ ತುಂಡನ್ನು ಗಡ್ಡದವನ ಮುಂದಿಟ್ಟಳು. "ಒಂದೇ ಮಾತಿಗೆ ಎರಡು ಸಲ ಅಳೋಕಾಗಲ್ಲ ರೀ. ಅವರಿಗೆಲ್ಲಾ ಗೊತ್ತು, ಅವರನ್ನೇ ಕೇಳಿ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕುರ್ಚಿಯನ್ನು ಕೊಂಚ ಆಚೆ ಸರಿಸಿಕೊಂಡ.

"ನಾನಾಗಿದ್ರೆ ಕೇಳ್ತಿರ್ಲಿಲ್ಲ" ಎಂದ.