ಪಕ್ಕದ ಮೈದಾನಕ್ಕೆ ಇಬ್ರಾ ಮಾರ್ಗವಾಗಿ

ಲೋಕದಲ್ಲಿ ದುಂದುಗಾರರು ಎರಡು ಬಗೆ. ಆಸೆಗಾಗಿ ಖರ್ಚು ಮಾಡುವವರು ಮತ್ತು ತತ್ವಕ್ಕಾಗಿ ಖರ್ಚು ಮಾಡುವವರು. ಮೊದಲನೆಯವರಿಗೆ ಒಂದು ದಿನ ಕೈ ಖಾಲಿಯಾಗಿ ಬುದ್ಧಿ ಬರುತ್ತದೆ. ಎರಡನೆಯವರಿಗೆ ಬುದ್ಧಿ ಮೊದಲೇ ಇರುವುದರಿಂದ ಅದು ಹೊಸದಾಗಿ ಬರುವ ಸಂಭವವಿಲ್ಲ. ನಾನು ಎರಡನೆಯ ವರ್ಗಕ್ಕೆ ಸೇರಿದವನು. ಲೆಕ್ಕಪತ್ರ ನನ್ನ ವೃತ್ತಿ. ಒಂದು ರಿಯಾಲು ಕೊಡಬಾರದೆಂಬ ತತ್ವವನ್ನು ಉಳಿಸಿಕೊಳ್ಳಲು ಎಷ್ಟು ರಿಯಾಲು ಕೊಡಬಹುದು ಎಂಬುದನ್ನು ನನ್ನಷ್ಟೇ ಚೆನ್ನಾಗಿ ಬಲ್ಲವರು ಎಂಬತ್ತರ ದಶಕದ ಮಸ್ಕತ್ತಿನಲ್ಲಿ ಇನ್ನಿಬ್ಬರು ಮಾತ್ರ ಇದ್ದರು. ಅವರಿಬ್ಬರೂ ಆ ಶುಕ್ರವಾರ ನನ್ನ ಜೊತೆ ಒಂದೇ ಕಾರಿನಲ್ಲಿದ್ದರು.

ನಾನು ಮೈಸೂರಿನವನು. ಕಾಲಿನಿಂದ ಆಡುವ ಆಟದ ಬಗ್ಗೆ ನಮ್ಮ ಮನೆಯಲ್ಲಿ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಚೆಂಡನ್ನು ಒದೆಯುವುದು ಪುಸ್ತಕವನ್ನು ತುಳಿದಷ್ಟೇ ಅವಿನಯವೆಂದು ನಮ್ಮಜ್ಜಿ ನಂಬಿದ್ದರು. ಹೀಗೆ ಬೆಳೆದ ನಾನು ಮಸ್ಕತ್ತಿನ ರೂವಿ ಬಡಾವಣೆಗೆ ಬಂದು, ಕಟ್ಟಡ ಸಾಮಗ್ರಿ ಮಾರುವ ಕಂಪೆನಿಯೊಂದರ ಅಕೌಂಟೆಂಟಾಗಿ, ಕೆಲವೇ ವರ್ಷಗಳಲ್ಲಿ ಫುಟ್ಬಾಲಿನ ವಿಷಯದಲ್ಲಿ ಯಾರ ಮಾತನ್ನೂ ಪೂರ್ತಿ ಕೇಳದಷ್ಟು ಪಂಡಿತನಾದೆ. ಇದಕ್ಕೆ ಕಾರಣ ನಮ್ಮ ಆಫೀಸಿನ ಹತ್ತು ಗಂಟೆಯ ಚಹಾ. ಗೋಡೌನಿನ ಪಕ್ಕದ ಕೋಣೆಯಲ್ಲಿ ನಾವು ನಾಲ್ವರು ಸೇರುತ್ತಿದ್ದೆವು. ಕಾರ್ಕಳ ಕಡೆಯ ಸ್ಟೋರ್‌ಕೀಪರ್ ಸದಾನಂದ, ಬೆಂಗಳೂರಿನ ಏರ್‌ಕಂಡೀಷನಿಂಗ್ ಎಂಜಿನಿಯರ್ ಮೂರ್ತಿ, ನಾನು, ಮತ್ತು ಹಮೂದ್. ಹಮೂದ್ ಒಮಾನಿ. ನಮ್ಮೆಲ್ಲರ ವೀಸಾ, ಲೇಬರ್ ಕಾರ್ಡುಗಳನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಓಡಾಡುವುದು ಅವನ ಕೆಲಸ. ಸಂಜೆ ಅವನು ಊರಿನ ಒಂದು ಕ್ಲಬ್ಬಿನ ತಂಡದಲ್ಲಿ ಎಡಗಡೆಯ ಡಿಫೆಂಡರ್. ಆ ಕಾಲದ ಆಟಗಾರರೆಲ್ಲ ಹಾಗೆಯೇ, ಹಗಲು ಗುಮಾಸ್ತೆ, ಪೊಲೀಸು, ಡ್ರೈವರು, ಸಂಜೆ ವೀರಯೋಧ.

ಚಹಾದ ಹೊತ್ತಿಗೆ ನಾವು ಮೂವರು ಅವನ ಕ್ಲಬ್ಬಿನ ಅರ್ಥವ್ಯವಸ್ಥೆಯನ್ನು ಸರಿಪಡಿಸುತ್ತಿದ್ದೆವು. ಹಮೂದ್ ಖರ್ಜೂರ ತಿನ್ನುತ್ತ ಕೇಳುತ್ತಿದ್ದ. ಆ ವರ್ಷ ಕ್ಲಬ್ಬಿನವರು ಹೊರದೇಶದಿಂದ ಒಬ್ಬ ಫಾರ್ವರ್ಡನನ್ನು ಕರೆಸಿಕೊಂಡು, ಆ ಖರ್ಚಿಗೆಂದು ಅರ್ಧ ರಿಯಾಲಿದ್ದ ಟಿಕೆಟ್ಟನ್ನು ಒಂದು ರಿಯಾಲಿಗೆ ಏರಿಸಿದ್ದರು.

“ಒಂದು ರಿಯಾಲು ಕೊಟ್ಟು ಅವನನ್ನು ಎಂತಕ್ಕೆ ನೋಡುವುದು ಮಾರಾಯ್ರೆ?” ಎಂದು ಸದಾನಂದ ಕೇಳುತ್ತಿದ್ದ. “ಗೋಲಿನ ಕಂಬ ಇರುವುದು ಕೆಳಗೆ, ಅವ ಹೊಡೆಯುವುದು ಮೇಲೆ. ಕಂಬ ಎಲ್ಲಿ ಉಂಟು ಅಂತ ಅವನಿಗೆ ಯಾರಾದ್ರೂ ಒಮ್ಮೆ ಕರ್ಕೊಂಡು ಹೋಗಿ ತೋರಿಸ್ಬೇಕು.”

ಮೂರ್ತಿಯ ಆಕ್ಷೇಪಣೆ ತಾಂತ್ರಿಕವಾದದ್ದು. “ಸಾರ್, ಒಂದು ರಿಯಾಲಿಗೆ ಸಿನಿಮಾದಲ್ಲಿ ಏಸಿ ಕೊಡ್ತಾರೆ, ಕುಶನ್ ಸೀಟ್ ಕೊಡ್ತಾರೆ. ಇಲ್ಲಿ ಸಿಮೆಂಟ್ ಮೆಟ್ಲು. ಬೆಳಗ್ಗೆಯಿಂದ ಕಾದಿರುತ್ತೆ. ಅದರ ಮೇಲೆ ಕೂತ್ಕೊಳ್ಳೋದಕ್ಕೆ ಅವರೇ ನಮಗೆ ದುಡ್ಡು ಕೊಡಬೇಕು.”

ನಾನು ಇವರಿಬ್ಬರ ಹಾಗೆ ಬಿಡಿ ವಿಷಯಗಳಿಗೆ ಇಳಿಯುತ್ತಿರಲಿಲ್ಲ. ಬೆಲೆ ಏರಿದರೆ ಜನ ಕಡಿಮೆಯಾಗುತ್ತಾರೆ, ಜನ ಕಡಿಮೆಯಾದರೆ ಬೆಲೆ ಇನ್ನೂ ಏರುತ್ತದೆ, ಕೊನೆಗೆ ಒಬ್ಬನೇ ಪ್ರೇಕ್ಷಕ ಇಡೀ ತಂಡದ ಸಂಬಳವನ್ನು ಕೊಡಬೇಕಾಗುತ್ತದೆ ಎಂದು ವಿವರಿಸುತ್ತಿದ್ದೆ. “ಟಿಕೆಟ್ ಅರ್ಧ ರಿಯಾಲಿದ್ದಾಗ ಬಂದಿದ್ದೆಯಾ, ಮುಹಾಸಿಬ್?” ಎಂದು ಹಮೂದ್ ಒಮ್ಮೆ ಕೇಳಿದ. ಅರಬ್ಬಿಯಲ್ಲಿ ಅಕೌಂಟೆಂಟನಿಗೆ ಮುಹಾಸಿಬ್ ಎನ್ನುತ್ತಾರೆ. ಅವನು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. ಅರ್ಧ ರಿಯಾಲಿದ್ದಾಗ ಟೀವಿಯಲ್ಲಿ ಪುಕ್ಕಟೆ ತೋರಿಸುತ್ತಿದ್ದರಲ್ಲ, ಬರುವುದೇಕೆ ಎಂದೆ. ಅವನು ಇನ್ನೊಂದು ಖರ್ಜೂರ ಬಾಯಿಗೆ ಹಾಕಿಕೊಂಡ.

ಈ ಪುಕ್ಕಟೆಗೂ ಆ ವರ್ಷವೇ ಕಲ್ಲು ಬಿತ್ತು. ಹಿಂದಿನ ದಿನ ಸಂಜೆಯೊಳಗೆ ಟಿಕೆಟ್ಟುಗಳೆಲ್ಲ ಖರ್ಚಾಗದಿದ್ದರೆ ಮಸ್ಕತ್ತಿನ ಪಂದ್ಯವನ್ನು ಮಸ್ಕತ್ತಿನ ಸುತ್ತಮುತ್ತ ಟೀವಿಯಲ್ಲಿ ತೋರಿಸುವುದಿಲ್ಲ, ದೂರದ ಊರುಗಳಿಗೆ ಮಾತ್ರ ತೋರಿಸುತ್ತೇವೆ ಎಂಬ ಏರ್ಪಾಡು ಬಂತು. ಮನೆಯಲ್ಲಿ ಕುಳಿತವನನ್ನು ಮೈದಾನಕ್ಕೆ ಎಳೆಯುವುದು ಅದರ ಉದ್ದೇಶ. ನಮ್ಮ ಚಹಾದ ಕೋಣೆಯಲ್ಲಿ ಈ ಏರ್ಪಾಡನ್ನು ಮೂರೂ ಮಂದಿ ಒಮ್ಮತದಿಂದ ಖಂಡಿಸಿದೆವು. ನಮ್ಮಲ್ಲಿ ಒಮ್ಮತ ಮೂಡಿದ್ದು ಅದೇ ಮೊದಲು.

ಫುಟ್ಬಾಲ್ ಋತುವಿನ ಕೊನೆಯ ಪಂದ್ಯಕ್ಕೆ ಮೊದಲಿನ ಬುಧವಾರ ಹಮೂದ್ ಖರ್ಜೂರ ತಿನ್ನಲಿಲ್ಲ. ಅವನ ಹಿಂದಿಯನ್ನು ಕನ್ನಡದಲ್ಲಿ ಹೇಳುತ್ತೇನೆ. “ಶುಕ್ರವಾರದ ಪಂದ್ಯ ನನ್ನ ಕೊನೆಯದು. ಮುಂದಿನ ವರ್ಷ ನನ್ನ ಜಾಗಕ್ಕೆ ಬೇರೆಯವನು ಬರುತ್ತಾನೆ. ನನ್ನ ತಾಯಿ ಒಂದು ಸಲವೂ ನನ್ನ ಆಟ ನೋಡಿಲ್ಲ. ನಾವು ಟೀವಿ ತಂದದ್ದೇ ಹೋದ ವರ್ಷ. ಆಗ ನಾನು ಕಾಲು ಮುರಿದುಕೊಂಡು ಅವಳ ಪಕ್ಕದಲ್ಲೇ ಕೂತಿದ್ದೆ. ಮೈದಾನದ ಮೆಟ್ಟಿಲು ಅವಳಿಂದ ಹತ್ತಲಾಗುವುದಿಲ್ಲ. ಟಿಕೆಟ್ಟುಗಳೆಲ್ಲ ಹೋದರೆ ಮನೆಯಲ್ಲೇ ನೋಡುತ್ತಾಳೆ. ನೀವು ಮೂವರೂ ತೆಗೆದುಕೊಳ್ಳಿ.”

ನಮ್ಮ ಮನಸ್ಸು ಕರಗಿತು. ಆದರೆ ಕರಗಿದ ಮನಸ್ಸಿನಿಂದ ಲೆಕ್ಕ ಮಾಡಬಾರದು. “ಮೂರು ಟಿಕೆಟ್ಟಿನಿಂದ ಮೈದಾನ ತುಂಬುತ್ತದೆಯೇ ಹಮೂದ್?” ಎಂದೆ.

“ರೂವಿಯಲ್ಲಿರುವವರೆಲ್ಲ ಹೀಗೆ ಮೂರು ಮೂರು ಜನವೇ” ಎಂದು ಹೇಳಿ ಅವನು ಎದ್ದು ಹೋದ.

ಗುರುವಾರ ಸಂಜೆ ಟಿಕೆಟ್ಟುಗಳು ಉಳಿದಿದ್ದವು. ನಮ್ಮ ಮೂರೂ ಅವುಗಳಲ್ಲಿ ಸೇರಿದ್ದವು. ಮಸ್ಕತ್ತಿನಲ್ಲಿ ಟೀವಿ ಇಲ್ಲವೆಂದು ಖಚಿತವಾದ ಮೇಲೆ ಸದಾನಂದ ಫೋನ್ ಮಾಡಿದ. ಅವನ ದನಿಯಲ್ಲಿ ಸಂಶೋಧಕನ ನಡುಕವಿತ್ತು. “ರಾಯ್ರೆ, ಇಬ್ರಾದಲ್ಲಿ ತೋರಿಸ್ತಾರಲ್ಲ! ನಮ್ಮ ಭಾಸ್ಕರನ ಮನೆಯಲ್ಲಿ ಟೀವಿ ಉಂಟು. ಎರಡು ಗಂಟೆ ದಾರಿ ಅಷ್ಟೆ. ಕಾರು ನಂದು.” ಭಾಸ್ಕರ ಕುಂದಾಪುರದ ಹುಡುಗ, ಇಬ್ರಾದ ಸೂಕಿನಲ್ಲಿ, ಎಂದರೆ ಪೇಟೆಯಲ್ಲಿ, ಫ್ರಿಜ್ಜು ಫ್ಯಾನುಗಳ ಅಂಗಡಿ ಇಟ್ಟಿದ್ದ. ಅವರು ತೋರಿಸುವುದಿಲ್ಲವೆಂದ ಪಂದ್ಯವನ್ನು ಅವರಿಗೆ ಕಾಸು ಕೊಡದೆ ನೋಡುವುದು! ಸತ್ಯಾಗ್ರಹದ ಇತಿಹಾಸದಲ್ಲಿ ಇಂಥದು ನಡೆದಿರಲಾರದು ಎನ್ನಿಸಿತು.

ನನ್ನ ಹೆಂಡತಿ ವಿಮಲಾ ಮಾತ್ರ ಇದನ್ನು ಬೇರೆ ರೀತಿ ನೋಡಿದಳು. “ಮೈದಾನ ನಮ್ಮನೆ ತಾರಸಿಯಿಂದ ಹೆಚ್ಚು ಕಡಿಮೆ ಕಾಣುತ್ತೆ. ಹತ್ತು ನಿಮಿಷ. ಅಲ್ಲಿಗೆ ಹೋಗಲ್ಲ, ಇಬ್ರಾಗೆ ಹೋಗ್ತೀರಾ?”

“ಇದು ದುಡ್ಡಿನ ಪ್ರಶ್ನೆ ಅಲ್ಲ ಕಣೇ, ತತ್ವದ ಪ್ರಶ್ನೆ.”

“ಸರಿ, ತತ್ವಕ್ಕೆ ಎಷ್ಟು ಚಪಾತಿ ಕಟ್ಟಲಿ?”

ರೂವಿಯಿಂದ ಇಬ್ರಾಗೆ ಹೋಗುವ ದಾರಿ ಮೈದಾನದ ಎದುರಿನಿಂದಲೇ ಹಾಯುತ್ತದೆ. ಪ್ರಕೃತಿ ಇಂಥ ಸಣ್ಣ ಕುಚೋದ್ಯಗಳನ್ನು ಬಿಡುವುದಿಲ್ಲ. ಶುಕ್ರವಾರ ಮಧ್ಯಾಹ್ನ ಗೇಟಿನ ಬಳಿ ಪೊಲೀಸಿನವನು ನಮ್ಮ ಕಾರನ್ನು ಕಂಡು ಬಹಳ ಆದರದಿಂದ ಒಳಗೆ ಕೈ ತೋರಿಸಿದ. ಕಾರು ನಿಲ್ಲಿಸಲು ಬೇಕಾದಷ್ಟು ಜಾಗವಿತ್ತು. ನಾವು ಒಳಗೆ ಬರುವವರಲ್ಲವೆಂದು ತಿಳಿಸಲು ಸದಾನಂದ ಸನ್ನೆ ಮಾಡಿದ. ಪೊಲೀಸಿನವನು ಅದು ಅರ್ಥವಾಗದೆ ಇನ್ನೂ ಆದರದಿಂದ ಕೈ ತೋರಿಸಿದ. ಕೊನೆಗೆ ಮೂರ್ತಿ ಕಿಟಕಿಯಿಂದ ತಲೆ ಹೊರಹಾಕಿ “ಇಬ್ರಾ! ಇಬ್ರಾ!” ಎಂದು ಕೂಗಬೇಕಾಯಿತು. ಮುಂದೆ ಪೆಟ್ರೋಲು ಹಾಕಿಸಿದೆವು. ಭಾಸ್ಕರನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ರೂವಿಯಲ್ಲೇ ಎರಡು ಡಬ್ಬಿ ಸಿಹಿ ಕೊಂಡಿದ್ದೆವು. ಬಿದ್‌ಬಿದ್ ಊರು ದಾಟಿದ ಮೇಲೆ ಎರಡು ಕಡೆಯೂ ಸುಟ್ಟ ಇಟ್ಟಿಗೆಯ ಬಣ್ಣದ ಬೋಳು ಬೆಟ್ಟಗಳು. ಕಾರಿನ ಏಸಿ ಕೆಟ್ಟಿತ್ತು. ಏಸಿ ಎಂಜಿನಿಯರರು ಬೆವರು ಒರೆಸಿಕೊಳ್ಳುತ್ತ, ಸಿಮೆಂಟಿನ ಮೆಟ್ಟಿಲು ಇದಕ್ಕಿಂತ ಎಷ್ಟು ಹೆಚ್ಚು ಬಿಸಿ ಇರಬಹುದೆಂದು ನಮಗೆ ವಿವರಿಸುತ್ತಿದ್ದರು.

ಇಬ್ರಾದಲ್ಲಿ ಭಾಸ್ಕರ ಬಾಗಿಲಲ್ಲೇ ಕಾದಿದ್ದ. “ಬನ್ನಿ ಸದಾನಂದಣ್ಣ, ಬನ್ನಿ ರಾಯ್ರೆ. ನನ್ನ ಟೀವಿ ಸಣ್ಣದು. ಧಣಿಗಳ ಮನೆಯಲ್ಲಿ ದೊಡ್ಡದು ಕಲರ್ ಉಂಟು. ಮಸ್ಕತ್ತಿಂದ ಫುಟ್ಬಾಲ್ ನೋಡ್ಲಿಕ್ಕೆ ಜನ ಬರ್ತಾರೆ ಅಂದ್ರೆ ಅವ್ರಿಗೆ ಭಾರೀ ಖುಷಿ ಆಯ್ತು. ಕರ್ಕೊಂಡೇ ಬಾ ಅಂದಿದ್ದಾರೆ. ಬರುದಿಲ್ಲ ಅಂತ ಹೇಳುವ ಹಾಗಿಲ್ಲ.” ಧಣಿಗಳೆಂದರೆ ಅವನ ಅಂಗಡಿಯ ಕಟ್ಟಡದ ಮಾಲೀಕರು. ಆ ಅಂಗಡಿಯನ್ನು ಅವನಿಗೆ ಕೊಡಿಸಿದವನು ನಾನೇ. ಕೊಡಿಸಿದ್ದು ಹಮೂದನ ಮೂಲಕ, ಏಕೆಂದರೆ ಕಟ್ಟಡ ಹಮೂದನ ಸೋದರಮಾವನದು. ಇಷ್ಟು ಸರಳವಾದ ಸಂಗತಿ, ಇಡೀ ಕ್ಲಬ್ಬಿನ ಆಯವ್ಯಯವನ್ನು ತಲೆಯಲ್ಲಿ ಹೊತ್ತ ನಮಗೆ ಎರಡು ಗಂಟೆಯ ದಾರಿಯಲ್ಲಿ ಒಮ್ಮೆಯೂ ನೆನಪಾಗಲಿಲ್ಲ.

ಮಾಲೀಕರ ಮಜಲಿಸಿನಲ್ಲಿ, ಅತಿಥಿಗಳನ್ನು ಕೂರಿಸುವ ಆ ಉದ್ದನೆಯ ಕೋಣೆಯಲ್ಲಿ, ಗಂಡಸರು ಗೋಡೆಗೆ ಒರಗಿ ಕುಳಿತಿದ್ದರು. ಟೀವಿಗೆ ತೀರ ಹತ್ತಿರ, ದಿಂಬುಗಳ ಮೇಲೆ ಕಾಲು ಚಾಚಿಕೊಂಡು, ಹೂವಿನ ಅಚ್ಚಿನ ದೊಡ್ಡ ವಸ್ತ್ರ ಹೊದ್ದ ಒಬ್ಬ ಮುದುಕಿ. “ಇವ್ರು ಧಣಿಗಳ ಅಕ್ಕ” ಎಂದು ಭಾಸ್ಕರ ಪಿಸುಗುಟ್ಟಿದ. “ಹಮೂದನ ತಾಯಿ. ನಿನ್ನೆ ರಾತ್ರಿ ಮಸ್ಕತ್ತಲ್ಲಿ ಟೀವಿ ಇಲ್ಲ ಅಂತ ಗೊತ್ತಾಯ್ತಲ್ಲ, ಬೆಳಿಗ್ಗೆ ಪಿಕಪ್ಪಲ್ಲಿ ಕರ್ಕೊಂಡು ಬಂದ್ರು. ಪಾಪ, ದಾರಿಯುದ್ದಕ್ಕೂ ಕಾಲು ನೋವಂತೆ.”

ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಸಣ್ಣ ಬಟ್ಟಲುಗಳಲ್ಲಿ ಕಹವಾ, ಅಲ್ಲಿಯ ಕಾಫಿ, ಬಂತು, ಖರ್ಜೂರ ಬಂತು. ಸಾಕಾದರೆ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕೆಂಬುದು ಅಲ್ಲಿಯ ಪದ್ಧತಿ. ಮೂರ್ತಿಗೆ ತಿಳಿದಿದ್ದರೂ ಅಂದು ಮರೆತು, ತುಂಬಿಸಿದಷ್ಟನ್ನೂ ಪ್ರಾಯಶ್ಚಿತ್ತದಂತೆ ಕುಡಿಯುತ್ತಲೇ ಹೋದ.

ಪಂದ್ಯ ಶುರುವಾಯಿತು. ನಾನು ನೋಡಿದ್ದು ಪಂದ್ಯವನ್ನಲ್ಲ, ಪಂದ್ಯ ನೋಡುವ ಆಕೆಯನ್ನು. ಎಡಗಡೆಯ ಡಿಫೆಂಡರನ ಬಳಿಗೆ ಚೆಂಡು ಬರುವುದೇ ಅಪರೂಪ. ಕ್ಯಾಮೆರಾ ಹೋಗುವುದು ಚೆಂಡಿನ ಹಿಂದೆ. ಹಮೂದ್ ಒಂದು ಗಳಿಗೆ ಕಾಣಿಸುತ್ತಿದ್ದ, ಆಕೆ ಮುಂದಕ್ಕೆ ಬಾಗುತ್ತಿದ್ದಳು, ಅಷ್ಟರಲ್ಲಿ ಅವನು ಮಾಯ. ಆಕೆ ಟೀವಿಗೆ ಏನೋ ಗದರುತ್ತಿದ್ದಳು. “ಚೆಂಡು ಯಾರಿಗೆ ಬೇಕಾಗಿದೆ, ಹುಡುಗನನ್ನು ತೋರಿಸು ಅಂತ ಕ್ಯಾಮೆರಾದವನಿಗೆ ಬೈತಾ ಇದ್ದಾರೆ” ಎಂದು ಭಾಸ್ಕರ ಅನುವಾದಿಸಿದ. ಟಿಕೆಟ್ಟಿನ ನ್ಯಾಯವಾದ ಬೆಲೆ ಎಷ್ಟೆಂದು ನಾವು ಇಡೀ ಋತು ವಾದಿಸಿದ್ದೆವು. ಆಗೊಮ್ಮೆ ಈಗೊಮ್ಮೆ ಕಾಣುವ ಒಬ್ಬ ಡಿಫೆಂಡರನಿಗೆ ಬೆಲೆ ಕಟ್ಟುವ ವಿಧಾನ ನನ್ನ ಲೆಕ್ಕಶಾಸ್ತ್ರದಲ್ಲಿ ಇರಲಿಲ್ಲ. ನಡುವೆ ಒಮ್ಮೆ ಕ್ಯಾಮೆರಾ ಪ್ರೇಕ್ಷಕರತ್ತ ತಿರುಗಿತು. ಸಾಲು ಸಾಲು ಬರಿಯ ಮೆಟ್ಟಿಲು. ಅವು ಅಷ್ಟೇನೂ ಬಿಸಿಯಾಗಿದ್ದಂತೆ ಕಾಣಲಿಲ್ಲ. ಆಗಲೇ ನೆರಳು ಬಿದ್ದಿತ್ತು.

ಹಮೂದನ ತಂಡ ಸೋತಿತು. ಸೋತದ್ದು ಕ್ಯಾಮೆರಾದವನಿಂದ, ಹುಡುಗನನ್ನು ನೆಟ್ಟಗೆ ತೋರಿಸಿದ್ದರೆ ಅವನು ಇನ್ನೂ ಚೆನ್ನಾಗಿ ಆಡುತ್ತಿದ್ದ ಎಂದು ಆಕೆ ತೀರ್ಪು ಕೊಟ್ಟಳು. ಆದರೂ ಮುಖ ಬೆಳಗಿತ್ತು. ಆಮೇಲೆ ನಮ್ಮ ಕಡೆ ತಿರುಗಿ ಏನೋ ಕೇಳಿದಳು.

“ಮಸ್ಕತ್ತಿಂದ ಬಂದ್ರಲ್ಲ, ಪಂದ್ಯ ಅಲ್ಲೇ ಇತ್ತಲ್ಲ ಅಂತ ಕೇಳ್ತಾ ಇದ್ದಾರೆ” ಎಂದ ಭಾಸ್ಕರ.

ಸದಾನಂದ ಗಂಟಲು ಸರಿಮಾಡಿಕೊಂಡ. “ಹೇಳು ಭಾಸ್ಕರ. ಇದು ಬೆಲೆಯ ಪ್ರಶ್ನೆ ಅಲ್ಲ. ಕ್ಲಬ್ಬಿನವರು ಫಾರ್ವರ್ಡನಿಗೆ ಕೊಡುವ ಸಂಬಳದ ಹೊರೆಯನ್ನು ಪ್ರೇಕ್ಷಕರ ಮೇಲೆ...”

“ಅದನ್ನೆಲ್ಲ ಅರಬ್ಬಿಯಲ್ಲಿ ಹೇಳ್ಲಿಕ್ಕೆ ನನಗೆ ಬರುದಿಲ್ಲ ಮಾರಾಯ್ರೆ. ಮೈದಾನಕ್ಕೆ ಹೋಗ್ಲಿಕ್ಕೆ ಆಗ್ಲಿಲ್ಲ ಅಂತ ಹೇಳ್ತೇನೆ.” ಹೇಳಿದ. ಆಕೆ ನಮ್ಮ ಮೂವರ ಕಾಲುಗಳನ್ನೂ ಒಂದೊಂದಾಗಿ, ಬಹಳ ಮರುಕದಿಂದ ನೋಡಿದಳು. ಮತ್ತೆ ಕೇಳಿದಳು. ಭಾಸ್ಕರ ತಲೆ ತಗ್ಗಿಸಿಕೊಂಡು ಅನುವಾದಿಸಿದ: “ನಿಮಗೂ ಮಂಡಿನೋವಾ ಅಂತ.”

ಕೋಣೆಯ ಗಂಡಸರೆಲ್ಲ ನನ್ನ ಕಡೆ ನೋಡುತ್ತಿದ್ದರು; ಮೂವರಲ್ಲಿ ತಲೆ ನರೆತವನು ನಾನೊಬ್ಬನೇ. ತತ್ವಕ್ಕೂ ಮಂಡಿಗೂ ನಡುವೆ ಒಂದನ್ನು ಆರಿಸಬೇಕಾಗಿತ್ತು. “ಹೌದು” ಎಂದೆ. “ಎರಡೂ.”

ಆಕೆ ಒಳಗಿನಿಂದ ಒಂದು ಎಣ್ಣೆಯ ಸೀಸೆ ತರಿಸಿ, ಹೇಗೆ ತಿಕ್ಕಬೇಕೆಂದು ತನ್ನ ಮಂಡಿಯ ಮೇಲೆಯೇ ತೋರಿಸಿದಳು. ನೋವಿದ್ದೂ ನನ್ನ ಮಗನಿಗಾಗಿ ಇಷ್ಟು ದೂರ ಬಂದಿರಿ ಎಂದು ಹರಸಿದಳು. ಮನೆಯಲ್ಲೇ ಟೀವಿ ಬಂದಿದ್ದರೆ ಮಂಚ ಬಿಟ್ಟು ಏಳುತ್ತಿರಲಿಲ್ಲ, ತವರಿಗೆ ಬಂದು ಎಷ್ಟು ವರ್ಷವಾಗಿತ್ತೋ, ಟಿಕೆಟ್ಟು ಕೊಳ್ಳದವರಿಗೆಲ್ಲ ದೇವರು ಒಳ್ಳೆಯದು ಮಾಡಲಿ ಎಂದಳಂತೆ. ನಮ್ಮ ತತ್ವಕ್ಕೆ ದೊರೆತ ಏಕೈಕ ಬೆಂಬಲ ಇದು.

ರಾತ್ರಿ ರೂವಿಗೆ ಹಿಂತಿರುಗಿದೆವು. ಮನೆಯಲ್ಲಿ ವಿಮಲಾ ಸೀಸೆ ಮೂಸಿ ನೋಡಿ “ಇದು ತತ್ವದ ಎಣ್ಣೆಯೋ?” ಎಂದಳು. ಶನಿವಾರ ಹಮೂದ್ ನನ್ನ ಮೇಜಿನ ಬಳಿ ಬಂದು, “ಮುಹಾಸಿಬ್, ನಿನಗೆ ಮಂಡಿನೋವೆಂದು ನನಗೆ ಗೊತ್ತೇ ಇರಲಿಲ್ಲ. ಬಾ ಎಂದು ಎಷ್ಟು ಸಲ ಕಾಡಿದೆನಲ್ಲ” ಎಂದ. ಅವನು ನಂಬಿ ಹೇಳಿದನೋ, ನಂಬದೆ ಹೇಳಿದನೋ ಎಂದು ನಾನು ಅವನ ಮುಖವನ್ನು ಪರೀಕ್ಷಿಸಿದೆ. ನಮ್ಮ ವೀಸಾಗಳಿಗಾಗಿ ಅಷ್ಟೊಂದು ಕಚೇರಿಗಳಲ್ಲಿ ಕಾದು ಪಳಗಿದ ಮುಖ ಅದು. ಅದರಲ್ಲಿ ಏನನ್ನೂ ಓದಲಾಗುವುದಿಲ್ಲ.

ಮುಂದಿನ ವರ್ಷ ಹಮೂದ್ ಆಡಲಿಲ್ಲ, ತಂಡದ ಮೇಲ್ವಿಚಾರಣೆ ನೋಡಿಕೊಂಡ. ಮೊದಲ ಪಂದ್ಯಕ್ಕೆ ನನಗೆ ಮೆಟ್ಟಿಲು ಹತ್ತುವ ಕಷ್ಟ ಬೇಡವೆಂದು, ಗೆರೆಯ ಪಕ್ಕದಲ್ಲಿ ಮೀಸಲು ಆಟಗಾರರ ಬೆಂಚಿನ ಹಿಂದೆ, ನೆರಳಿನಲ್ಲಿ, ಕುಶನ್ ಇರುವ ಒಂದು ಕುರ್ಚಿ ಹಾಕಿಸಿದ. ಪುಕ್ಕಟೆಯಾಗಿ. ಮೇಲಿನ ಮೆಟ್ಟಿಲುಗಳ ಮೇಲೆ, ಒಂದೊಂದು ರಿಯಾಲು ಕೊಟ್ಟು, ಸದಾನಂದನೂ ಮೂರ್ತಿಯೂ ಕುಳಿತಿದ್ದರು. ಹೊರದೇಶದ ಫಾರ್ವರ್ಡ್ ಚೆಂಡನ್ನು ಒಯ್ಯುತ್ತಿದ್ದ. ಏನಾಯಿತೋ, ಇಡೀ ಮೈದಾನ ಒಮ್ಮೆಗೇ ಎದ್ದು ನಿಂತಿತು. ನನ್ನ ಮುಂದಿನ ಬೆಂಚಿನವರೂ ಜಿಗಿದು ನಿಂತರು. ಅವರ ಬೆನ್ನುಗಳ ಸಂದಿಯಿಂದ ಹಮೂದ್ ತಿರುಗಿ, ಬಹಳ ಕಾಳಜಿಯಿಂದ, ಏಳಬೇಡ ಎಂದು ನನಗೆ ಕೈ ಮಾಡಿದ. ನಾನು ಏಳಲಿಲ್ಲ. ಆ ಫಾರ್ವರ್ಡ್ ತನ್ನ ಜೀವಮಾನದಲ್ಲಿ ಕೆಳಗೆ ಹೊಡೆದ ಆ ಒಂದೇ ಒಂದು ಗೋಲು ಹೇಗಿತ್ತೆಂದು ಸದಾನಂದ ಈಗಲೂ ವರ್ಣಿಸುತ್ತಾನೆ. ನಾನು ಮಂಡಿ ನೀವಿಕೊಳ್ಳುತ್ತ ಕೇಳುತ್ತೇನೆ.